ಬಾಲವಿಲ್ಲದ ವಿಮಾನದ ಲೆಕ್ಕ

ತುಂಗಭದ್ರೆಯ ದಂಡೆಯಲ್ಲಿ ಪದ್ಮರಾಜಯ್ಯ ಎಂಬ ಗುರುಗಳಿದ್ದರು. ಹಾರುವ ಯಂತ್ರಗಳ ಚಲನೆಯನ್ನು ಗಣಿತದಲ್ಲಿ ಬರೆಯುವುದು ಅವರ ವಿದ್ಯೆ. ನಾಗಭೂಷಣ ಅವರ ಬಳಿ ಏಳು ವರ್ಷ ಕಲಿತು ಹೋದವನು.

ಒಂದು ಬೆಳಿಗ್ಗೆ ಅವನು ಹಾಳೆಗಳ ದಪ್ಪ ಕಟ್ಟು ಹಿಡಿದು ಬಂದ. ನಮಸ್ಕರಿಸಿ ದೂರವೇ ಕುಳಿತ.

"ಬಾಲವಿಲ್ಲದ ವಿಮಾನವೊಂದಕ್ಕೆ ಸಮೀಕರಣ ಬರೆದಿದ್ದೆ, ಗುರುಗಳೇ. ಅದು ಬಿತ್ತು."

"ಹಾರಿಸುತ್ತಿದ್ದವರು?"

"ಜಯಶೀಲ ಅಂತ. ಬದುಕಿದ್ದಾನೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ."



"ಎಷ್ಟು ದಿನವಾಯಿತು?"

"ಎಂಟು ತಿಂಗಳು. ಅಂದಿನಿಂದ ತಪ್ಪು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನೀವೊಮ್ಮೆ ನೋಡಬೇಕು."

ಗುರುಗಳು ಕಟ್ಟು ಬಿಚ್ಚಲಿಲ್ಲ.

"ಬೀಳುವ ಮೊದಲು ಜಯಶೀಲ ಏನಾದರೂ ಹೇಳಿದ್ದನೇ?"

ನಾಗಭೂಷಣ ನದಿಯತ್ತ ನೋಡಿದ.

"ನಿಧಾನವಾಗಿ ತಿರುಗಿಸುವಾಗ ವಿಮಾನದ ಮೂತಿ ತಾನಾಗಿಯೇ ಪಕ್ಕಕ್ಕೆ ಜಾರುತ್ತದೆ ಎಂದಿದ್ದ. ಎರಡು ಸಲ ಹೇಳಿದ."

"ನೀನೇನಂದೆ?"

"ಲೆಕ್ಕದಲ್ಲಿ ಹಾಗೆ ಬರುವುದಿಲ್ಲ ಎಂದೆ." ಅವನ ದನಿ ಇಳಿಯಿತು. "ನಕ್ಕುಬಿಟ್ಟೆ, ಗುರುಗಳೇ. ನಿನ್ನ ಕೈ ನಡುಗಿರಬೇಕು ಎಂದೆ. ಮೂರನೆಯ ಸಲ ಅವನು ಏನೂ ಹೇಳಲಿಲ್ಲ. ಸುಮ್ಮನೆ ಹೋಗಿ ಹತ್ತಿ ಕುಳಿತ."

"ಆಮೇಲೆ ಅವನನ್ನು ನೋಡಿದೆಯಾ?"

"ಯಾವ ಮುಖ ಇಟ್ಟುಕೊಂಡು ಹೋಗಲಿ? ಎಲ್ಲಿ ತಪ್ಪಿದೆ ಎಂದು ಗೊತ್ತಾದರೆ ಹೋಗಿ ಹೇಳಬಹುದು. ಬರಿಗೈಯಲ್ಲಿ ಹೋಗಿ ಏನು ಹೇಳಲಿ?"

ಗುರುಗಳು ಎದ್ದು ಒಳಗೆ ಹೋದರು. ಹಳದಿಗಟ್ಟಿದ ಹಾಳೆಯೊಂದನ್ನು ತಂದು ಅವನ ಮುಂದಿಟ್ಟರು. ಬೇರೆ ಯಾವುದೋ ವಿಮಾನದ ಸಮೀಕರಣ. ಅದರ ಕೊನೆಗೆ, ಕೆಂಪು ಶಾಯಿಯಲ್ಲಿ, ಆಮೇಲೆ ಕೂಡಿಸಿದ ಒಂದು ಗಣಿತದ ಪದ.

ನಾಗಭೂಷಣ ಗುರುತು ಹಿಡಿದ. ಗುರುಗಳದೇ ಅಕ್ಷರ.

"ಇದು ಮೊದಲು ಬಿಟ್ಟುಹೋಗಿತ್ತೇ?"

"ಬಿಟ್ಟುಹೋಗಿರಲಿಲ್ಲ. ತೀರಾ ಸಣ್ಣದೆಂದು ನಾನೇ ಬಿಟ್ಟಿದ್ದೆ. ಆ ವಿಮಾನವೂ ಬಿತ್ತು. ಹಾರಿಸಿದವನು ಹಾಸಿಗೆ ಹಿಡಿದ. ತಪ್ಪು ಸಿಕ್ಕ ಮೇಲೆ ಹೋದರಾಯಿತೆಂದು ನಾನೂ ಕೂತೆ."

"ಕೊನೆಗೂ ಸಿಕ್ಕಿತಲ್ಲ, ಗುರುಗಳೇ."

ಗುರುಗಳು ಹಾಳೆಯನ್ನು ಮಡಚಿದರು.

"ಮೂರನೆಯ ವರ್ಷ ಸಿಕ್ಕಿತು. ಅಂದೇ ಬಸ್ಸು ಹತ್ತಿದೆ. ಅವನ ಹೆಂಡತಿ ಬಾಗಿಲು ತೆರೆದಳು. ತೀರಿಹೋಗುವ ದಿನದವರೆಗೂ ಅವರು ಕೇಳುತ್ತಿದ್ದರು, ಮೇಷ್ಟ್ರು ಬಂದರಾ ಅಂತ, ಎಂದಳು."