ಮಲಕಾರಿಯ ಕದ

ಹೊಳೆದಂಡೆಗೆ, ಕಬ್ಬು ಬಿಟ್ಟರೆ ಬೇರೇನೂ ಬೆಳೆಯದ ಒಂದು ಊರಿತ್ತಂತೆ. ಯಾವ ಕಾಲದ್ದು ಎಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಗಾಣದಿಂದ ಬಂದ ಸಿಪ್ಪೆ, ಹೊಲದಲ್ಲಿ ಬಿದ್ದ ಕಬ್ಬಿನ ಒಣಗರಿಯ ರವದಿ, ಎಲ್ಲಕ್ಕೂ ಅಲ್ಲಿನವರು ಬೆಂಕಿ ಇಡುತ್ತಿದ್ದರು. ಮಲಕಾರಿ ಎಂಬ ಕಮ್ಮಾರ ಮಾತ್ರ ಅದನ್ನು ಹೊತ್ತು ತಂದು ಒಣಗಿಸುತ್ತಿದ್ದನಂತೆ. ಎತ್ತರದ ಕಬ್ಬಿಣದ ಒಲೆಯಲ್ಲಿ ತುಂಬಿ, ಗಾಳಿ ಅರೆಬರೆ ಸಿಗುವ ಹಾಗೆ ಸುಡುತ್ತಿದ್ದ. ಅದು ಬಿಟ್ಟ ಅನಿಲವನ್ನು ನೀರಲ್ಲಿ ತೊಳೆದು ಇಂಜಿನ್ನಿಗೆ ಕುಡಿಸುತ್ತಿದ್ದ. ಇಂಜಿನ್ನು ತಿರುಗಿದರೆ ಮನೆಮನೆಗೂ ದೀಪ! ಆ ಬೆಳಕಲ್ಲಿ ಆಚೆ ದಂಡೆಯವರು ಜೋಳ ಹಸನು ಮಾಡುತ್ತಿದ್ದರಂತೆ. ಅಷ್ಟು ಬೆಳಕಿತ್ತೋ ಇಲ್ಲವೋ, ಹೇಳುವವರು ಹಾಗೆ ಹೇಳುತ್ತಾರೆ.

ಸೂಲಗಿತ್ತಿ ತಾಯವ್ವನಿಗೆ ಅವನೆಂದರೆ ಹೆತ್ತ ಮಗನಷ್ಟು ಅಕ್ಕರೆ. ಅವನ ದೀಪ ಬಂದ ಮೇಲೆ, ನಡುರಾತ್ರಿಯ ಹೆರಿಗೆಯಲ್ಲೂ ಅವಳ ಕೈಯಲ್ಲಿ ಒಂದು ಕೂಸೂ ಸಾಯಲಿಲ್ಲವಂತೆ. ಮಳೆಗಾಳಿ ನುಗ್ಗುವ ಇಂಥವನ ಒಲೆಮನೆಗೆ ಒಂದು ಕದ ಬೇಡವೇ ಎಂದು ಅವಳು ಮರುಗುತ್ತಿದ್ದಳು. ಊರವರನ್ನು ಕೂಡಿಸಿ ಬೇವಿನ ಕದ ಮಾಡಿಸಿದಳು, ಗೋಡೆಯ ಕಿಂಡಿಗಳನ್ನೂ ಮುಚ್ಚಿಸಿದಳು.

"ಬ್ಯಾಡಬೇ ಯವ್ವಾ. ಈ ಒಲಿಗಾಳಿ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ತಿಳಿಯಂಗಿಲ್ಲ. ಹೊರಗ ಹೋಗಾಕ ದಾರಿ ಬೇಕು" ಎಂದನಂತೆ ಮಲಕಾರಿ. ಪಾಪ, ಸಂಕೋಚಕ್ಕೆ ಹಾಗನ್ನುತ್ತಾನೆ ಎಂದುಕೊಂಡರು ಊರವರು. ಕದ ನಿಂತಿತು. ಅವನು ಅದನ್ನು ತೆರೆದೇ ಇಡುತ್ತಿದ್ದ.

ಒಂದು ಸಂಜೆ ಮಳೆ ಹೊಡೆಯಿತು. ಆ ದಾರಿಯಲ್ಲಿ ಹೊರಟಿದ್ದ ತಾಯವ್ವ, ಅವನ ಬೆನ್ನಿಗೆ ಎರಚಲು ಬಡಿಯುವುದನ್ನು ಕಂಡು, ಮಗ ನೆನೆಯುತ್ತಾನಲ್ಲ ಎಂದು ಕದ ಎಳೆದು ಹೋದಳು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ತಿಳಿಯಲೇ ಇಲ್ಲ ಎನ್ನುತ್ತಾರೆ ಕೆಲವರು. ತಿಳಿದೂ ಅವಳ ಮನಸ್ಸು ನೋಯಬಾರದೆಂದು ಕದ ತೆರೆಯಲಿಲ್ಲ ಎನ್ನುತ್ತಾರೆ ಕೆಲವರು. ಊರಿನ ದೀಪಗಳು ಉರಿಯುತ್ತಲೇ ಇದ್ದವು. ಹಾಗಾಗಿ ಯಾರೂ ಹೋಗಿ ನೋಡಲಿಲ್ಲ. ಒಲೆಯ ಸಿಪ್ಪೆ ತೀರಿ ದೀಪ ಮಂಕಾದಾಗ ಓಡಿದರು. ಮಲಕಾರಿ ಇಂಜಿನ್ನಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದ. ಹೊರಹೋಗಲು ದಾರಿ ಸಿಗದ ಒಲೆಯ ಗಾಳಿ ಅವನ ಉಸಿರು ನಿಲ್ಲಿಸಿತ್ತು.

ತಾಯವ್ವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳ ಎದೆ ಒಂದಿಷ್ಟು ಹಗುರಾಗುತ್ತಿತ್ತೇನೋ. ಆ ಒಲೆ ನಡೆಸುವ ಇನ್ನೊಂದು ಕೈ ಹುಟ್ಟಲಿಲ್ಲ, ರವದಿಗೆ ಮತ್ತೆ ಹೊಲದಲ್ಲೇ ಬೆಂಕಿ ಬಿತ್ತು. ಅವಳು ಸಾಯುವ ತನಕ ಆ ಒಲೆಮನೆಯ ಮುಂದೆ ನಿಂತು "ಮಲಕಾರಿ, ಒಳಗ ಅದಿಯೇನೋ?" ಎಂದು ಕೂಗುತ್ತಿದ್ದಳಂತೆ.

ಈಗಲೂ ಆ ಊರಿನವರು, ಎಷ್ಟೇ ಮಳೆಯಿರಲಿ, ಯಾರ ಮನೆಯ ಕದವನ್ನೂ ಹೊರಗಿನಿಂದ ಸುಮ್ಮನೆ ಎಳೆಯುವುದಿಲ್ಲ. ಒಳಗಿದ್ದವರ ಹೆಸರು ಹಿಡಿದು ಕೂಗುತ್ತಾರೆ. "ಓ" ಎನ್ನುವ ತನಕ ನೆನೆಯುತ್ತಲೇ ನಿಲ್ಲುತ್ತಾರೆ.