ಉಪಚಾರದ ಚೊಂಬು

ಕಿಟಕಿಯ ಬಿಸಿಲಿಗೆ ಒಣಗಿ ಎಲೆಯೆಲ್ಲ ಸುಕ್ಕುಗಟ್ಟಿದ್ದ ಆರ್ಕಿಡ್ ಗಿಡಕ್ಕೆ ಹಿತ್ತಾಳೆ ಚೊಂಬೊಂದು ನೀರೆರೆದು ಬದುಕಿಸಿತು. ಬೂದುಬಣ್ಣಕ್ಕೆ ತಿರುಗಿದ್ದ ಬೇರುಗಳು ಹಸಿರಾದವು.

“ಜೀವ ಉಳಿಸಿದಿರಿ. ಇನ್ನು ಸಾಕು,” ಎಂದಿತು ಗಿಡ.

“ಸಂಕೋಚ ಮಾಡಿಕೊಳ್ಳಬೇಡಿ,” ಎಂದು ಚೊಂಬು ಮತ್ತೆ ಸುರಿಯಿತು.

“ಸಂಕೋಚವಲ್ಲ ಮಾರಾಯರೇ! ನಾನು ಮರಕ್ಕೆ ಅಂಟಿಕೊಂಡು ಬೆಳೆಯುವ ಜಾತಿ. ನನ್ನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರು ಆರಿದ ಮೇಲೆ ನಾನೇ ಕೇಳುತ್ತೇನೆ.”

“ಕೇಳುವವರೆಗೆ ಕಾಯುವುದೇ? ನಮ್ಮಲ್ಲಿ ಆ ಪದ್ಧತಿಯಿಲ್ಲ. ಮೊದಲು ಎಲ್ಲರೂ ಬೇಡ ಬೇಡ ಅಂತಲೇ ಅನ್ನುವುದು.”

“ಅಯ್ಯೋ, ಸಾಕು ಅಂದರೆ ಸಾಕು!” ಎಂದು ಗಿಡ ಕಿರುಚಿತು.

“ಎಷ್ಟು ನಾಚಿಕೆ ನಿಮಗೆ!” ಎಂದು ಚೊಂಬು ಕುಂಡ ತುಳುಕುವಷ್ಟು ಸುರಿಯಿತು. ಮರುದಿನವೂ ಸುರಿಯಿತು, ಅದರ ಮರುದಿನವೂ.

ಬೇರು ಕೊಳೆಯಿತು. ಕೊಳೆತ ಬೇರು ನೀರು ಹೀರಲಾರದೆ ಎಲೆಗಳು ಮತ್ತೆ ಸುಕ್ಕಾದವು.

“ನೋಡಿ, ಬೇಡ ಬೇಡ ಅಂದುಕೊಂಡೇ ಬಾಯಾರಿ ಸೊರಗಿದಿರಿ,” ಎಂದು ಗದರಿಸುತ್ತ ಚೊಂಬು ಇನ್ನಷ್ಟು ನೀರು ತಂದಿತು.

ಈ ಸಲ ಗಿಡ ಸಾಕು ಅನ್ನಲಿಲ್ಲ. ಅನ್ನುವುದಕ್ಕೆ ಅದರಲ್ಲಿ ಜೀವವೇ ಇರಲಿಲ್ಲ.

ಚೊಂಬು ಹಿಗ್ಗಿ ಹೇಳಿತು: “ಅಬ್ಬ, ಅಂತೂ ಸಂಕೋಚ ಬಿಟ್ಟಿರಲ್ಲ!”