ಡಬ್ಬಿಯ ತೂಕ

ತುಪ್ಪ ಮಾರುವ ನೀಲವ್ವನ ಎಮ್ಮೆ ಮೇಲೆ ಸಾವುಕಾರ ಚನವೀರಪ್ಪನ ಕಣ್ಣು ಬಿತ್ತು. ಬೇಡ ಅನ್ನೋಣವೆಂದರೆ ಎಮ್ಮೆ ಮೇಯುವುದೇ ಅವನ ಹೊಲದ ಬದುವಿನಲ್ಲಿ. ಒಂದಿನ ಮಖಮಲ್ಲಿನ ಡಬ್ಬಿ ಹಿಡಿದು ಬಂದ. ಒಳಗೆ ನಾಲ್ಕು ಹೊಸ ನಾಣ್ಯ, ಮೇಲೆ ಪ್ಲಾಸ್ಟಿಕ್ ಹಾಳೆ.

"ನಾಣ್ಯ ಕೂಡಿಸಿಡೋರು ಲಕ್ಷ ರೂಪಾಯಿ ಕೊಡೂ ಸೆಟ್ ಇದು. ಇಟಗೊಂಡು ಎಮ್ಮಿ ಕೊಡು."

"ಹಾಳಿ ಹರದರ?"

"ಬೆಲೀನ ಹೋತು. ಮುಟ್ಟಬ್ಯಾಡ."

"ಬರೇ ನಾಣ್ಯ ಅಂಗಡ್ಯಾಗ ಎಷ್ಟಕ್ಕ ನಡೀತಾವ್ರೀ?"

"ಹದಿನೆಂಟು ರೂಪಾಯಿಗೆ," ಸಾವುಕಾರ ಗೊಣಗಿದ.

ನೀಲವ್ವ ತಕ್ಕಡಿ ತಂದಿಟ್ಟಳು. "ನಾ ತುಪ್ಪ ಮಾರೂವಾಗ ಡಬ್ಬಿ ತೂಕ ಕಳದು ರೊಕ್ಕ ತಗೋತೀನ್ರೀ. ನಿಮ್ಮ ಡಬ್ಬಿ ಕಳದರ ಹದಿನೆಂಟು ಉಳೀತು. ಅಷ್ಟಕ್ಕ ಎಮ್ಮಿ ಬಾಲಾನೂ ಬರೂದಿಲ್ಲ."

ಸಾವುಕಾರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.

"ಎಮ್ಮಿ ನಾಳೆನೂ ನನ್ನ ಬದುವಿನ್ಯಾಗ ಮೇಯಲಿ ಬಿಡು. ಅರ್ಧ ಕಿಲೋ ತುಪ್ಪ ಕೊಡು," ಅಂದ. ಬಾಗಿಲ ತನಕ ಹೋಗಿ ತಿರುಗಿದ. "ಡಬ್ಬಿ ತೂಕ ಕಳದು."